ಸುಝೌನಲ್ಲಿರುವ ತಂಗಿಗೆ ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಮೈಸೂರಿನ ಬ್ಯಾಂಕ್ ಕೆಲಸ ಬಿಟ್ಟು, ಏಳು ವರ್ಷದ ಮಗನ ಜೊತೆ ಚೀನಾದ ಸುಝೌಗೆ ಬಂದು ನಾಲ್ಕು ತಿಂಗಳಾಯಿತು. ಭಾಷೆ ಬರಲ್ಲ. ನಾವು ಸಸ್ಯಾಹಾರಿಗಳು. ಪತಿ ಮನೆಗೆ ಬರುವಾಗ ರಾತ್ರಿ ಒಂಬತ್ತಾಗಿರುತ್ತೆ. ಮಗನನ್ನು ಕರೆದುಕೊಂಡು ಊರಿಗೆ ಮರಳಲೇ?

ತಂಗೀ, ನಿಮ್ಮ ಪತ್ರ ಓದಿ ಕಣ್ಣು ಒದ್ದೆಯಾಯಿತು. ನಾನೂ ಮೊದಲ ಚಳಿಗಾಲವನ್ನು ಅತ್ತುಕೊಂಡೇ ಕಳೆದವಳು. ಯಾಂಗ್‌ತ್ಸೆ ನದಿಯ ದಕ್ಷಿಣದಲ್ಲಿ, ಬೀಜಿಂಗ್ ಕಡೆಯ ಹಾಗೆ ಮನೆಮನೆಗೂ ಬಿಸಿನೀರಿನ ಪೈಪು ಹಾಕಿ ಬೆಚ್ಚಗಿಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಮನೆಯೊಳಗೂ ಸ್ವೆಟರ್ ಹಾಕಿಕೊಂಡೇ ಕೂರಬೇಕು. ಅಂಥ ದಿನಗಳಲ್ಲಿ ಟಿಕೆಟ್ ಮಾತ್ರ ಮಾಡಿಸಬೇಡಿ.

ನನ್ನನ್ನು ಹೊರಗೆ ಎಳೆದದ್ದು ತರಕಾರಿ ಮಾರ್ಕೆಟ್. ಸೊಪ್ಪು ಮಾರುವ ಅಜ್ಜಿ ಹೆಬ್ಬೆರಳು, ಕಿರುಬೆರಳು ಎರಡನ್ನೇ ಚಾಚಿ ತೋರಿಸಿದರು. ಎರಡು ಯುವಾನ್ ಅಂದುಕೊಂಡು ಫೋನಿನಲ್ಲಿ ಎರಡು ಕಳಿಸಿದೆ. ಅಲ್ಲಿ ಅದು ಆರು! ಅಜ್ಜಿ ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು, ನಡುವಿನ ಮೂರು ಬೆರಳು ಮಡಚಿಸಿ, ‘ಲಿಯೂ’ ಅಂದರು. ಆ ತಣ್ಣನೆ, ಒರಟು ಕೈ ಇವತ್ತಿಗೂ ನೆನಪಿದೆ. ಮಾರನೇ ದಿನ ಮತ್ತೆ ಹೋದೆ, ಬರೀ ಅವರನ್ನು ನೋಡೋಕೆ.

ಹೆಸರುಕಾಳು, ಅಲಸಂದೆ, ಕಡಲೆಕಾಯಿ, ಕೊತ್ತಂಬರಿ ಎಲ್ಲ ಅಲ್ಲೇ ಸಿಗುತ್ತೆ. ಸಾರಿನಪುಡಿ, ತೊಗರಿಬೇಳೆ ಊರಿಂದ ತನ್ನಿ. ಹೋಟೆಲಲ್ಲಿ ‘ವೋ ಚಿ ಸು’ ಅನ್ನಿ, ನಾನು ಸಸ್ಯಾಹಾರಿ ಅಂತ. ತೋಫು (ಸೋಯಾ ಪನೀರ್) ಅಂದ ಮಾತ್ರಕ್ಕೆ ನಂಬಬೇಡಿ, ಮಾಪೋ ತೋಫುವಿಗೆ ಸಾಮಾನ್ಯವಾಗಿ ಕೈಮಾ ಹಾಕುತ್ತಾರೆ. ಬೌದ್ಧ ದೇವಾಲಯಗಳ ಹತ್ತಿರದ ಸಸ್ಯಾಹಾರಿ ಊಟದ ಮನೆಗಳು ಒಳ್ಳೆಯವು.
– ಆರು ವರ್ಷ ಶಾಂಘೈನಲ್ಲಿದ್ದ ಅಕ್ಕ, ಬೆಂಗಳೂರು

ಊಟಕ್ಕಿಂತ ಕೆಲಸ ಬಿಟ್ಟ ನೋವೇ ನಿಮ್ಮ ಪತ್ರದಲ್ಲಿ ಜಾಸ್ತಿ ಕಂಡಿತು, ಮೇಡಂ. ಕುಟುಂಬದ ವೀಸಾದಲ್ಲಿ ಅಲ್ಲಿ ದುಡಿಯುವಂತಿಲ್ಲ. ಇಂಗ್ಲಿಷ್ ಟ್ಯೂಷನ್ ಹೇಳಿಕೊಡಿ ಅಂತ ಯಾರಾದರೂ ಕರೆಯಬಹುದು. ದುಡ್ಡಿಗೆ ಒಪ್ಪಬೇಡಿ, ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ. ಅದರ ಬದಲು ಚೀನೀ ಭಾಷೆ ಕಲಿತು, ಆ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆ ಕಟ್ಟಿ. ನನ್ನ ಹೆಂಡತಿ ಹಾಗೇ ಮಾಡಿದಳು. ಪುಸ್ತಕ ಹಿಡಿದ ವಾರದಿಂದಲೇ ಅವಳ ಮುಖ ಬದಲಾಯಿತು.
– ಗುವಾಂಗ್‌ಝೌನಿಂದ ಒಬ್ಬ ಓದುಗ

ನಾನು ಒಂದೇ ವರ್ಷಕ್ಕೆ ಮಗಳ ಜೊತೆ ವಾಪಸ್ ಬಂದೆ. ಹಾಗೆ ಬಂದವರನ್ನು ಸೋತವರು ಅನ್ನಬೇಡಿ, ದಯವಿಟ್ಟು. ಆದರೆ ಬಂದ ಮೇಲಿನ ಕಷ್ಟವೂ ನಿಮಗೆ ಗೊತ್ತಿರಲಿ. ಇಲ್ಲಿ ರಾತ್ರಿ ಒಂಬತ್ತು ಅಂದರೆ ಅಲ್ಲಿ ಹನ್ನೊಂದೂವರೆ. ಮಗಳು ಅಪ್ಪನಿಗೆ ಕಥೆ ಹೇಳಲು ಶುರು ಮಾಡುವಾಗ ಅವರ ಕಣ್ಣು ಮುಚ್ಚಿಹೋಗುತ್ತಿರುತ್ತೆ. ಅವಳು ಫೋನ್ ಹಿಡಿದು ಸುಮ್ನೆ ನೋಡುತ್ತಾ ಕೂರುತ್ತಾಳೆ.

ನಿಮ್ಮ ಪತ್ರದಲ್ಲಿ ಮಗನಿಗೆ ಏನನ್ನಿಸುತ್ತೆ ಅನ್ನುವ ಮಾತೇ ಇಲ್ಲ. ಅವನನ್ನು ಕೇಳಿದ್ದೀರಾ?
– ಒಬ್ಬ ತಾಯಿ, ಶಿವಮೊಗ್ಗ