ಜಾವಾ ಸ್ವಿಂಗ್: ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೂ ಪಟ್ಟಿಯ ಕೊನೆಯ ಸಾಲು ತೆರೆದುಕೊಳ್ಳುವುದೇಕೆ?

ಪ್ರಶ್ನೆ

ನಮಸ್ಕಾರ. ಒಂದು ಶಾಲೆಯ ಗ್ರಂಥಾಲಯಕ್ಕಾಗಿ ಜಾವಾ ಸ್ವಿಂಗ್‌ನಲ್ಲಿ (ಜಾವಾ ಭಾಷೆಯಲ್ಲಿ ಕಿಟಕಿ, ಬಟನ್ ಮುಂತಾದವನ್ನು ಕಟ್ಟುವ ಸಲಕರಣೆ) ಚಿಕ್ಕ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಪುಸ್ತಕಗಳ ಹೆಸರುಗಳು ಜೆಲಿಸ್ಟ್‌ನಲ್ಲಿ, ಅಂದರೆ ಸ್ವಿಂಗ್‌ನ ಪಟ್ಟಿಯಲ್ಲಿ, ಕಾಣಬೇಕು, ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪುಸ್ತಕದ ವಿವರ ತೆರೆಯಬೇಕು, ಮೌಸ್‌ನ ಬಲಗುಂಡಿ ಒತ್ತಿದರೆ ಎರವಲು ಕೊಡುವ ಮತ್ತು ಹಿಂಪಡೆಯುವ ಮೆನು ಬರಬೇಕು ಎಂಬುದು ಉದ್ದೇಶ. ಕ್ಲಿಕ್ ಆದಾಗ ಓಡುವ ಮೌಸ್‌ಕ್ಲಿಕ್ಡ್ ಮೆಥಡ್‌ನೊಳಗೆ (ಮೆಥಡ್ ಎಂದರೆ ಹೆಸರಿಟ್ಟು ಕರೆಯುವ ಕೋಡ್‌ನ ತುಣುಕು) ಲೊಕೇಶನ್‌ಟುಇಂಡೆಕ್ಸ್ ಕರೆದು ಸಾಲಿನ ಸಂಖ್ಯೆಯನ್ನು ಪಡೆಯುತ್ತಿದ್ದೇನೆ. ಪಟ್ಟಿಯಲ್ಲಿ ನಾಲ್ಕೈದೇ ಹೆಸರುಗಳಿದ್ದಾಗ ಅವುಗಳ ಕೆಳಗಿನ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿದರೂ ಕೊನೆಯ ಪುಸ್ತಕದ ವಿವರವೇ ತೆರೆದುಕೊಳ್ಳುತ್ತದೆ. ಮೆನುವನ್ನು ಗುಂಡಿ ಬಿಟ್ಟಾಗ ಓಡುವ ಮೌಸ್‌ರಿಲೀಸ್ಡ್‌ನಲ್ಲಿ, ಇದು ಮೆನು ಕೇಳುವ ಒತ್ತೇ ಎಂದು ಹೇಳುವ ಈಸ್‌ಪಾಪಪ್‌ಟ್ರಿಗರ್ ನೋಡಿ ತೋರಿಸುತ್ತೇನೆ. ವಿಂಡೋಸ್‌ನಲ್ಲಿ ಅದು ಬರುತ್ತದೆಯಾದರೂ ಮೊದಲೇ ಆಯ್ಕೆಯಾಗಿದ್ದ ಬೇರೊಂದು ಪುಸ್ತಕಕ್ಕೆ ಅನ್ವಯವಾಗುತ್ತದೆ, ಲಿನಕ್ಸ್‌ನಲ್ಲಿ ಬರುವುದೇ ಇಲ್ಲ. ಇದಲ್ಲದೆ, ಪ್ರತಿ ಸಾಲಿನ ತುದಿಯಲ್ಲಿ ರೆಂಡರರ್ (ಸಾಲುಗಳನ್ನು ಪರದೆಯ ಮೇಲೆ ಚಿತ್ರಿಸುವ ಭಾಗ) ಮೂಲಕ ಇಟ್ಟಿರುವ ಬಟನ್ ಕಾಣುತ್ತದೆ, ಆದರೆ ಒತ್ತಿದರೆ ಏನೂ ಆಗುವುದಿಲ್ಲ. ಕಾರಣ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ಲೊಕೇಶನ್‌ಟುಇಂಡೆಕ್ಸ್ ನೀವು ಕ್ಲಿಕ್ ಮಾಡಿದ ಬಿಂದುವಿಗೆ ಅತಿ ಹತ್ತಿರದ ಸಾಲನ್ನು ಹೇಳುತ್ತದೆಯೇ ಹೊರತು ಆ ಬಿಂದು ನಿಜವಾಗಿಯೂ ಸಾಲಿನೊಳಗೆ ಇದೆಯೇ ಎಂದು ನೋಡುವುದಿಲ್ಲ. ಪಟ್ಟಿ ಪೂರ್ತಿ ಖಾಲಿಯಿದ್ದಾಗ ಮಾತ್ರ -1 ಸಿಗುತ್ತದೆ. ಆದ್ದರಿಂದ ಸಿಕ್ಕ ಸಂಖ್ಯೆಯನ್ನೇ, ಸಾಲುಗಳು ಆವರಿಸಿರುವ ಆಯತವನ್ನು ಕೊಡುವ ಗೆಟ್‌ಸೆಲ್‌ಬೌಂಡ್ಸ್‌ಗೆ ಮೊದಲ ಸಾಲು, ಕೊನೆಯ ಸಾಲು ಎರಡೂ ಆಗಿ ಕೊಟ್ಟು, ಅದು ಮರಳಿಸುವ ಆಯತದೊಳಗೆ ಬಿಂದು ಇದೆಯೇ ಎಂದು ಕಂಟೇನ್ಸ್ ಮೆಥಡ್‌ನಿಂದ ಪರೀಕ್ಷಿಸಿ, ಇಲ್ಲವಾದರೆ ಅಲ್ಲಿಂದಲೇ ಹಿಂದಿರುಗಬೇಕು.

ಖಾಲಿ ಜಾಗದಲ್ಲಿ ಒತ್ತಿದಾಗ ಕೊನೆಯ ಸಾಲು ಬಣ್ಣ ಬದಲಿಸಿ ಆಯ್ಕೆಯಾಗುವುದೂ ಇದೇ ಕಾರಣದಿಂದ. ಅದೂ ಬೇಡವೆಂದಾದರೆ ಜೆಲಿಸ್ಟ್ ಅನ್ನು ವಿಸ್ತರಿಸಿ, ಲೊಕೇಶನ್‌ಟುಇಂಡೆಕ್ಸ್ ಅನ್ನೇ ಮರುಬರೆದು, ಬಿಂದು ಹೊರಗಿದ್ದರೆ -1 ಮರಳಿಸುವಂತೆ ಮಾಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಪರೀಕ್ಷೆ ಒಂದೇ ಕಡೆ ಉಳಿಯುತ್ತದೆ. ಆದರೆ ಆಗ ಹಳೆಯ ಆಯ್ಕೆ ಹಾಗೆಯೇ ಉಳಿದಿರುತ್ತದೆಯಾದ್ದರಿಂದ, ವಿವರ ತೆರೆಯುವಾಗ ಆಯ್ಕೆಯಾದ ಸಾಲನ್ನು ಹೇಳುವ ಗೆಟ್‌ಸೆಲೆಕ್ಟೆಡ್‌ಇಂಡೆಕ್ಸ್ ಅನ್ನು ನಂಬದೆ ಬಿಂದುವಿನಿಂದ ಪಡೆದ ಸಂಖ್ಯೆಯನ್ನೇ ಬಳಸಿರಿ.

ಇನ್ನೊಂದು ವಿಷಯ. ಗುಂಡಿಯನ್ನು ಒತ್ತುವುದಕ್ಕೂ ಬಿಡುವುದಕ್ಕೂ ನಡುವೆ ಮೌಸ್ ಸರಿದರೆ ಮೌಸ್‌ಕ್ಲಿಕ್ಡ್ ಬಾರದೆ ಹೋಗಬಹುದು. ಕೈ ನಡುಗುವವರಿಗೂ ಟಚ್‌ಪ್ಯಾಡ್ ಬಳಸುವವರಿಗೂ ಇದು ನಿಜವಾದ ತೊಂದರೆ. ಗುಂಡಿ ಒತ್ತಿದೊಡನೆ ಓಡುವ ಮೌಸ್‌ಪ್ರೆಸ್ಡ್‌ನಲ್ಲಿಯೇ ಎಡಗುಂಡಿಯೆಂದು ಖಚಿತಪಡಿಸಿಕೊಂಡು, ಕ್ಲಿಕ್‌ಗಳನ್ನು ಎಣಿಸುವ ಗೆಟ್‌ಕ್ಲಿಕ್‌ಕೌಂಟ್ 2 ಆಗಿದೆಯೇ ಎಂದು ನೋಡಬಹುದು.

ಉತ್ತರ 2

ಮೆನುವಿನ ಬಗ್ಗೆ ಹೇಳುತ್ತೇನೆ. ಯಾವ ಘಟನೆಯಲ್ಲಿ ಈಸ್‌ಪಾಪಪ್‌ಟ್ರಿಗರ್ ನಿಜವಾಗುತ್ತದೆ ಎಂಬುದು ಕಾರ್ಯಾಚರಣ ವ್ಯವಸ್ಥೆಯನ್ನು ಅವಲಂಬಿಸಿದೆ: ವಿಂಡೋಸ್‌ನಲ್ಲಿ ಗುಂಡಿಯನ್ನು ಬಿಟ್ಟಾಗ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಒತ್ತಿದಾಗ. ಹೀಗಾಗಿ ಮೆನು ತೋರಿಸುವ ಕೆಲಸವನ್ನು ಪ್ರತ್ಯೇಕ ಮೆಥಡ್ ಆಗಿ ಬರೆದು, ಅದನ್ನು ಮೌಸ್‌ಪ್ರೆಸ್ಡ್ ಮತ್ತು ಮೌಸ್‌ರಿಲೀಸ್ಡ್ ಎರಡರಿಂದಲೂ ಕರೆಯುವುದು ಅನಿವಾರ್ಯ.

ಜೆಲಿಸ್ಟ್ ಎಡಗುಂಡಿಗೆ ಮಾತ್ರ ಆಯ್ಕೆಯನ್ನು ಬದಲಿಸುತ್ತದೆ. ಬಲಗುಂಡಿಯಿಂದ ಆಯ್ಕೆ ಬದಲಾಗದ ಕಾರಣ ನಿಮ್ಮ ಮೆನು ಹಳೆಯ ಪುಸ್ತಕಕ್ಕೆ ಅಂಟಿಕೊಂಡಿದೆ. ಮೆನು ತೋರಿಸುವ ಮುನ್ನ ಸೆಟ್‌ಸೆಲೆಕ್ಟೆಡ್‌ಇಂಡೆಕ್ಸ್ ಕರೆದು ಒತ್ತಿದ ಸಾಲನ್ನು ಆಯ್ಕೆಮಾಡಿರಿ. ಆದರೆ ಒಮ್ಮೆಗೆ ಹಲವು ಪುಸ್ತಕಗಳನ್ನು ಆಯ್ದು ಎರವಲು ಕೊಡುವ ಸೌಲಭ್ಯವಿದ್ದರೆ, ಒತ್ತಿದ ಸಾಲು ಈಗಾಗಲೇ ಆಯ್ಕೆಯಲ್ಲಿದೆಯೇ ಎಂದು ಈಸ್‌ಸೆಲೆಕ್ಟೆಡ್‌ಇಂಡೆಕ್ಸ್‌ನಿಂದ ಮೊದಲು ನೋಡಬೇಕು. ಇಲ್ಲದಿದ್ದರೆ ಬಳಕೆದಾರರು ಶ್ರಮಪಟ್ಟು ಆಯ್ದದ್ದೆಲ್ಲವೂ ಬಲಗುಂಡಿಯ ಒಂದೇ ಒತ್ತಿಗೆ ಅಳಿಸಿಹೋಗುತ್ತದೆ.

ಉತ್ತರ 3

ರೆಂಡರರ್ ಎಂಬುದು ರಬ್ಬರ್ ಮೊಹರಿನಂತೆ: ಒಂದೇ ಕಾಂಪೊನೆಂಟ್ (ಪರದೆಯ ಭಾಗ) ಪ್ರತಿ ಸಾಲಿಗೂ ತನ್ನ ಚಿತ್ರವನ್ನು ಒತ್ತಿ ಮುಂದೆ ಹೋಗುತ್ತದೆ, ಚಿತ್ರಿಸಿದ ಮೇಲೆ ಆ ಜಾಗದಲ್ಲಿ ಬಟನ್ ಇರುವುದೇ ಇಲ್ಲ, ಆದ್ದರಿಂದ ಮೌಸ್‌ನ ಘಟನೆಗಳು ಪಟ್ಟಿಗೆ ತಲುಪುತ್ತವೆಯೇ ಹೊರತು ಬಟನ್‌ಗಲ್ಲ. ಸಾಲಿನ ಆಯತದ ಬಲತುದಿಯಲ್ಲಿ ಬಟನ್‌ನಷ್ಟು ಅಗಲದ ಭಾಗವನ್ನು ಲೆಕ್ಕಹಾಕಿ, ಬಿಂದು ಅದರೊಳಗೆ ಬಿದ್ದರೆ ಕೆಲಸ ನಡೆಸುವುದೊಂದು ದಾರಿ. ಅದಕ್ಕಿಂತ ಜೆಟೇಬಲ್ (ಸ್ವಿಂಗ್‌ನ ಕೋಷ್ಟಕ) ಬಳಸಿ ಸೆಲ್ ಎಡಿಟರ್ (ಕೋಷ್ಟಕದ ಮನೆಯಲ್ಲಿ ನಿಜವಾದ ಬಟನ್ ಇಡುವ ಭಾಗ) ಬರೆಯುವುದು ಉತ್ತಮವೆಂದು ನನ್ನ ಅಭಿಪ್ರಾಯ, ಏಕೆಂದರೆ ಜೆಲಿಸ್ಟ್‌ನಲ್ಲಿ ಎಡಿಟರ್ ವ್ಯವಸ್ಥೆಯೇ ಇಲ್ಲ.

ಕೀಲಿಮಣೆಯನ್ನು ದಯವಿಟ್ಟು ಮರೆಯಬೇಡಿ. ಮೌಸ್ ಹಿಡಿಯಲಾಗದವರೂ ಪರದೆ ಓದುಕವನ್ನು ಅವಲಂಬಿಸಿದವರೂ ಬಾಣದ ಕೀಲಿಗಳಿಂದಲೇ ಪಟ್ಟಿಯಲ್ಲಿ ಸಾಗುತ್ತಾರೆ. ವಿವರ ತೆರೆಯುವ ಕ್ರಿಯೆಯನ್ನು ಕೀಲಿಗಳನ್ನು ಕ್ರಿಯೆಗಳಿಗೆ ಜೋಡಿಸುವ ಇನ್‌ಪುಟ್‌ಮ್ಯಾಪ್ ಮತ್ತು ಆಕ್ಷನ್‌ಮ್ಯಾಪ್ ಮೂಲಕ ಎಂಟರ್ ಕೀಲಿಗೂ ಜೋಡಿಸಿರಿ. ಆಯ್ಕೆ ಬದಲಾದಾಗ ಪಕ್ಕದಲ್ಲಿ ಏನಾದರೂ ತೋರಿಸಬೇಕಿದ್ದರೆ ಅದು ಆಯ್ಕೆಯ ಬದಲಾವಣೆಯನ್ನು ಕೇಳಿಸಿಕೊಳ್ಳುವ ಲಿಸ್ಟ್‌ಸೆಲೆಕ್ಷನ್‌ಲಿಸನರ್‌ನ ಕೆಲಸ, ಮೌಸ್ ಲಿಸನರ್‌ನದಲ್ಲ. ಅಲ್ಲಿ ಗೆಟ್‌ವ್ಯಾಲ್ಯೂಈಸ್‌ಅಡ್ಜಸ್ಟಿಂಗ್ ನಿಜವಾಗಿರುವವರೆಗೂ, ಅಂದರೆ ಆಯ್ಕೆ ಇನ್ನೂ ಬದಲಾಗುತ್ತಿರುವವರೆಗೂ, ಸುಮ್ಮನಿದ್ದರೆ ಒಂದೇ ಕ್ಲಿಕ್ಕಿಗೆ ಕೆಲಸ ಎರಡು ಸಲ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಲೊಕೇಶನ್‌ಟುಇಂಡೆಕ್ಸ್ ಅನ್ನು ಮರುಬರೆದ ಮೇಲೆ ಖಾಲಿ ಜಾಗದ ತೊಂದರೆ ನಿವಾರಣೆಯಾಯಿತು, ಮೆನುವೂ ಎರಡೂ ಕಡೆ ಸರಿಯಾಗಿ ಬರುತ್ತಿದೆ. ಡಬಲ್ ಕ್ಲಿಕ್ ಆದೊಡನೆ ಡೇಟಾಬೇಸ್‌ನಿಂದ ವಿವರ ತರುವಾಗ ಮಾತ್ರ ಕಿಟಕಿ ಕೆಲಕ್ಷಣ ಸ್ತಬ್ಧವಾಗುತ್ತದೆ.

ಉತ್ತರ 1 ಬರೆದವರು

ಮೌಸ್‌ನ ಘಟನೆಗಳೂ ಪರದೆಯ ಚಿತ್ರಣವೂ ಒಂದೇ ಥ್ರೆಡ್‌ನಲ್ಲಿ (ಒಂದರ ನಂತರ ಒಂದು ಕೆಲಸ ಮಾಡುವ ಎಳೆ) ನಡೆಯುವುದರಿಂದ ಹೀಗಾಗುತ್ತದೆ. ಡೇಟಾಬೇಸ್ ಓದುವುದನ್ನು ಹಿನ್ನೆಲೆಯಲ್ಲಿ ಕೆಲಸ ನಡೆಸುವ ಸ್ವಿಂಗ್‌ವರ್ಕರ್‌ನ ಡೂಇನ್‌ಬ್ಯಾಕ್‌ಗ್ರೌಂಡ್‌ಗೆ ಸಾಗಿಸಿ, ವಿವರದ ವಿಂಡೋವನ್ನು ಕೆಲಸ ಮುಗಿದ ಮೇಲೆ ಓಡುವ ಡನ್ ಮೆಥಡ್‌ನಲ್ಲಿ ತೆರೆಯಿರಿ. ಪುಸ್ತಕದ ಗುರುತಿನ ಸಂಖ್ಯೆಯನ್ನು ಕೆಲಸ ಆರಂಭಿಸುವ ಮುನ್ನವೇ ಪಡೆದಿಟ್ಟುಕೊಳ್ಳಿ. ವಿವರ ಬರುವಷ್ಟರಲ್ಲಿ ಬಳಕೆದಾರರು ಬೇರೆ ಸಾಲಿಗೆ ಹೋಗಿರಬಹುದು.