ವಿಡಿಯೊ 'ಹತ್ತವಲ್ದು', 'ಓಡವಲ್ದು': ಟ್ಯಾಬಿನ ಸೂಚನೆಗೆ ಯಾವ ಮಾತು?

ಪ್ರಶ್ನೆ, ಹಾವೇರಿಯಿಂದ

ಎಲ್ಲರಿಗೂ ನಮಸ್ಕಾರ. ಪಂಚಾಯತಿ ಅರಿವು ಕೇಂದ್ರಗಳ (ಹಳ್ಳಿಯ ಗ್ರಂಥಾಲಯಗಳ) ಟ್ಯಾಬ್‌ಗಳಿಗೆ ಪಾಠದ ವಿಡಿಯೊ ತುಂಬಿ ಕೊಡುವಾಗ ಜೊತೆಗಿಡಲು ಒಂದು ಪುಟದ ಸೂಚನೆ ಬೇಕಾಗಿದೆ. ನೆಟ್ ಇಲ್ಲದೆ, ಮೆಮೊರಿ ಕಾರ್ಡಿನಲ್ಲಿರುವ ಫೈಲನ್ನೇ ನೋಡುವ ಬಗೆ ಅದರಲ್ಲಿರಬೇಕು. ಈಗಿನ ಕರಡಿನಲ್ಲಿ 'ಸ್ಥಳೀಯ ವಿಡಿಯೊ ಕಡತವನ್ನು ಚಾಲನೆಗೊಳಿಸಿ', 'ಚಾಲನೆ ವಿಫಲವಾದಲ್ಲಿ ಸಂಕೇತಕವನ್ನು ಪರಿಶೀಲಿಸಿ' ಎಂದಿದೆ. ಓದಿದವರಿಗೆ ತಲೆಬುಡ ತಿಳಿಯುತ್ತಿಲ್ಲ. 'ವಿಡಿಯೊ ಹಚ್ಚರಿ' ಅಂದರೆ ಮೈಸೂರು ಕಡೆಯವರು ಬೆಂಕಿ ಹಚ್ಚುವುದು ಅಂದುಕೊಂಡಾರು ಎಂಬ ಆಕ್ಷೇಪವೂ ಇದೆ. ಹಚ್ಚು, ಹಾಕು, ಓಡಿಸು, ಇವುಗಳಲ್ಲಿ ಯಾವುದು ಸರಿ? ಕೋಡೆಕ್ (ವಿಡಿಯೊ, ದನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ಬಗೆ), ಕಂಟೇನರ್ (ಚಿತ್ರ, ದನಿ ಎರಡನ್ನೂ ಒಟ್ಟಿಗಿಡುವ ಫೈಲಿನ ಬಗೆ), ಇವಕ್ಕೆ ಕನ್ನಡ ಪದ ಬೇಕೇ? ತಿಳಿದವರು ಹೇಳಬೇಕು.

ಉತ್ತರ, ಧಾರವಾಡದಿಂದ

'ಹಚ್ಚರಿ' ಅಂತಲೇ ಬರೀರಿ. ಸೂಚನೆ ಓದುವವರು ಸವಣೂರು, ಶಿಗ್ಗಾವಿ, ಹಾನಗಲ್ಲಿನ ಮಂದಿ. ಟಿವಿ ಹಚ್ಚುವ, ಫ್ಯಾನ್ ಹಚ್ಚುವ, ಫೋನ್ ಹಚ್ಚುವ ಸೀಮೆಯಲ್ಲಿ ವಿಡಿಯೊ ಹಚ್ಚು ಅಂದರೆ ಯಾರೂ ಕಡ್ಡಿಪೆಟ್ಟಿಗೆ ಹುಡುಕುವುದಿಲ್ಲ. ಮೈಸೂರಿಗೆ ಬೇರೆ ಪುಟ ಮಾಡಿದರೆ ಅಲ್ಲಿ 'ಹಾಕಿ' ಅಂತ ತಿದ್ದಿದರಾಯಿತು.

'ಹಚ್ಚು' ಇಟ್ಟುಕೊಳ್ಳಲು ಇನ್ನೊಂದು ಕಾರಣ ಅದರ ಜೋಡಿ 'ಹತ್ತು'. ನಾವು ಹಚ್ಚುತ್ತೇವೆ, ಅದು ಹತ್ತುತ್ತದೆ. ನಮ್ಮ ಕಡೆಯ ದೂರುಗಳನ್ನು ಕಿವಿಗೊಟ್ಟು ಕೇಳಿದರೆ 'ಹತ್ತವಲ್ದು' ಬೇರೆ, 'ಓಡವಲ್ದು' ಬೇರೆ. ಮೊದಲನೆಯದು ಶುರುವೇ ಆಗಲಿಲ್ಲ ಅನ್ನುವುದು. ಎರಡನೆಯದು ಶುರುವಾಗಿ ತಡೆತಡೆದು ನಿಲ್ಲುತ್ತದೆ ಅನ್ನುವುದು. ಟ್ಯಾಬಿನಲ್ಲೂ ಇವೆರಡಕ್ಕೆ ಕಾರಣಗಳು ಬೇರೆಬೇರೆ. 'ಚಾಲನೆ ವಿಫಲ' ಅಂದ ಕೂಡಲೇ ಆ ಭೇದ ಅಳಿಸಿಹೋಗುತ್ತದೆ. ಆದ್ದರಿಂದ ಪುಟವನ್ನು ಈ ದೂರುಗಳ ಮೇಲೆಯೇ ಕಟ್ಟಿರಿ.

ಹತ್ತವಲ್ದು ಅಂದಾಗ ಮೊದಲು ನೋಡಬೇಕಾದದ್ದು ಫೈಲು ಪೂರ್ತಿ ಬಂದಿದೆಯೇ ಎಂಬುದು. ಕಂಪ್ಯೂಟರಿನಲ್ಲಿ ಕಾಣುವ ಗಾತ್ರಕ್ಕೂ ಟ್ಯಾಬಿನಲ್ಲಿ ಕಾಣುವ ಗಾತ್ರಕ್ಕೂ ಬೈಟ್ ಲೆಕ್ಕದಲ್ಲಿ ತಾಳೆ ಇರಬೇಕು. ಎಂಪಿ4 ಫೈಲಿನ ಒಳಪಟ್ಟಿ, ಅಂದರೆ ಯಾವ ಚಿತ್ರ ಎಲ್ಲಿದೆ ಎಂಬ ಲೆಕ್ಕ, ಬಹಳ ಸಲ ಫೈಲಿನ ಕೊನೆಯಲ್ಲಿರುತ್ತದೆ. ಕಾಪಿ ಆಗುವಾಗ ಕೇಬಲ್ ಕಿತ್ತರೆ ಆ ಪಟ್ಟಿಯೇ ಇಲ್ಲ, ನೂರರಲ್ಲಿ ತೊಂಬತ್ತು ಪಾಲು ಬಂದಿದ್ದರೂ ಒಂದು ಸೆಕೆಂಡೂ ಹತ್ತುವುದಿಲ್ಲ. ಎಂಕೆವಿ ಎಂಬ ಇನ್ನೊಂದು ಬಗೆಯ ಫೈಲು ಹಾಗಲ್ಲ, ಎಲ್ಲಿಯ ತನಕ ಬಂದಿದೆಯೋ ಸಾಮಾನ್ಯವಾಗಿ ಅಲ್ಲಿಯ ತನಕ ತೋರಿಸುತ್ತದೆ. ಗಾತ್ರ ಸರಿ ಇದ್ದೂ ಹತ್ತದಿದ್ದರೆ ಹೆಚ್ಚಾಗಿ ಟ್ಯಾಬಿನ ಜೊತೆ ಬಂದ ಪ್ಲೇಯರಿಗೆ ಆ ಬಗೆಯ ಫೈಲು ಗೊತ್ತಿಲ್ಲ. ವಿಎಲ್‌ಸಿ ಎಂಬ ಬೇರೆ ಪ್ಲೇಯರ್ ಆಪ್‌ನಲ್ಲಿ ಹಚ್ಚಿ ನೋಡಿರಿ.

ಈಗ ಕಂಟೇನರ್, ಕೋಡೆಕ್. ಕಂಟೇನರಿಗೆ 'ಡಬ್ಬಿ' ಸಾಕು. ಎಂಪಿ4, ಎಂಕೆವಿ, ಎವಿಐ ಇವು ಡಬ್ಬಿಗಳು. ಅಂಗಡಿಗಳಲ್ಲಿ ಎಂಕೆವಿ ಫೈಲಿನ ಹೆಸರಿನ ಬಾಲ ತಿದ್ದಿ ಎಂಪಿ4 ಮಾಡಿ ಕೊಡುವ ರೂಢಿ ಇದೆ. ಚೀಟಿ ಬದಲಿಸಿದರೆ ಡಬ್ಬಿಯೊಳಗಿನ ಅವಲಕ್ಕಿ ಚುರುಮುರಿ ಆಗುವುದಿಲ್ಲ ಅಂತ ಒಂದು ಸಾಲು ಹಾಕಿರಿ, ತಿಳಿಯುತ್ತದೆ. ಕೋಡೆಕ್ ಮಾತ್ರ ಕೋಡೆಕ್ ಆಗಿಯೇ ಇರಲಿ. 'ಸಂಕೇತಕ' ಅನ್ನುವ ಗುಂಡಿ ಯಾವ ಪರದೆಯ ಮೇಲೂ ಇಲ್ಲ. ವಿಎಲ್‌ಸಿಯಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿ 'ಇನ್ಫರ್ಮೇಶನ್' ಆರಿಸಿದಾಗ ಓದುಗನ ಕಣ್ಣಿಗೆ ಬೀಳುವುದು 'ಕೋಡೆಕ್' ಅನ್ನುವ ಮಾತೇ.

ಓಡವಲ್ದು ಅನ್ನುವ ದೂರಿಗೆ ಕಾರಣ ಹೆಚ್ಚಾಗಿ ಕೋಡೆಕ್. ಎಚ್.264 ಎಂಬ ಕೋಡೆಕ್ ಬಂದದ್ದು 2003ರಲ್ಲಿ, ಅದನ್ನು ಬಿಡಿಸುವ ಸರ್ಕ್ಯೂಟು ಅಗ್ಗದ ಟ್ಯಾಬಿನ ಚಿಪ್‌ನಲ್ಲೂ ಇರುತ್ತದೆ. 2013ರ ಎಚ್.265, ಅದರಲ್ಲೂ 10 ಬಿಟ್‌ನದು (ಬಣ್ಣದ ಛಾಯೆಗಳು ಹೆಚ್ಚಿರುವುದು), ಹಳೆಯ ಚಿಪ್‌ಗೆ ಬಗೆಹರಿಯುವುದಿಲ್ಲ. 2018ರ ಎವಿ1 ಅಂತೂ ಇನ್ನೂ ದೂರದ ಮಾತು. ಆಗ ಆ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ: ಟ್ಯಾಬ್ ಬಿಸಿ, ಬ್ಯಾಟರಿ ಖಾಲಿ, ಮಾತು ಮುಂದೆ, ತುಟಿ ಹಿಂದೆ. ಬಿಡಿಸುವ ಕೆಲಸವನ್ನು ಚಿಪ್‌ನ ಆ ಸರ್ಕ್ಯೂಟಿಗೆ ಒಪ್ಪಿಸುವ 'ಹಾರ್ಡ್‌ವೇರ್ ಆಕ್ಸೆಲರೇಶನ್' ಅನ್ನು ವಿಎಲ್‌ಸಿ ಸೆಟ್ಟಿಂಗ್ಸ್‌ನಲ್ಲಿ ಯಾರಾದರೂ ಬಂದ್ ಮಾಡಿಟ್ಟಿದ್ದರೂ ಇದೇ ಲಕ್ಷಣ. ಆಟೊಮ್ಯಾಟಿಕ್‌ಗೆ ತಿರುಗಿಸಿರಿ. ತಿರುಗಿಸಿದ ಮೇಲೆ ಹಸಿರು ಪರದೆಯೋ ಚೌಕಚೌಕವೋ ಬಂದರೆ ಆ ಫೈಲಿನ ಮಟ್ಟಿಗೆ ಬಂದ್ ಮಾಡುವುದೇ ಲೇಸು.

ಚಿತ್ರ ಬರುತ್ತದೆ, ದನಿ ಇಲ್ಲ ಅನ್ನುವುದು ಮೂರನೆಯ ದೂರು. ಹೆಚ್ಚಾಗಿ ದನಿ ಎಸಿ3 ಅಥವಾ ಡಿಟಿಎಸ್ ಎಂಬ ದನಿಯ ಕೋಡೆಕ್‌ನಲ್ಲಿದ್ದು, ಲೈಸೆನ್ಸಿನ ಕಾರಣಕ್ಕೆ ಟ್ಯಾಬಿನ ಪ್ಲೇಯರಿನಲ್ಲಿ ಅದನ್ನು ಬಿಡಿಸುವ ಸೌಕರ್ಯ ಇರುವುದಿಲ್ಲ. ವಿಎಲ್‌ಸಿ ತನ್ನದೇ ಡಿಕೋಡರ್ ಇಟ್ಟುಕೊಂಡಿರುವುದರಿಂದ ಅದರಲ್ಲಿ ಕೇಳಿಸುತ್ತದೆ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಓದುಗರ ತಲೆಗೆ ಹಚ್ಚುವ ಬದಲು ತುಂಬುವ ಮೊದಲೇ ಫೈಲು ಹದ ಮಾಡುವುದು ಒಳ್ಳೆಯದು. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಬದಲಿಸುವ ತಂತ್ರಾಂಶದಲ್ಲಿ ಎಂಪಿ4, ಎಚ್.264 8 ಬಿಟ್, 720ಪಿ (ಚಿತ್ರದ ಎತ್ತರ 720 ಚುಕ್ಕಿ), ದನಿಗೆ ಎಎಸಿ ಕೋಡೆಕ್ ಇಟ್ಟರೆ ಬಹುತೇಕ ಎಲ್ಲ ಟ್ಯಾಬಿನಲ್ಲೂ ಹತ್ತುತ್ತದೆ, ಓಡುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಹಿಡಿದರೆ ಒಂದು ತಾಸಿಗೆ ಸುಮಾರು 900 ಎಂಬಿ. ಕರಿಹಲಗೆ ಪಾಠಕ್ಕೆ ಅದರ ಅರ್ಧ ಸಾಕು. 'ವೆಬ್ ಆಪ್ಟಿಮೈಜ್ಡ್' ಗುರುತು ಹಾಕಿದರೆ ಮೇಲೆ ಹೇಳಿದ ಒಳಪಟ್ಟಿ ಫೈಲಿನ ಮುಂಭಾಗಕ್ಕೆ ಬರುತ್ತದೆ.

'ಸ್ಥಳೀಯ ವಿಡಿಯೊ' ತೆಗೆದುಬಿಡಿರಿ. ಹಾವೇರಿಯಲ್ಲಿ ಅದನ್ನು ಓದಿದವನು ಹಾವೇರಿಯ ಸುದ್ದಿಯನ್ನೇ ಹುಡುಕುತ್ತಾನೆ. 'ಕಾರ್ಡಿನೊಳಗಿನ ವಿಡಿಯೊ' ಅಂದರೆ ಮುಗಿಯಿತು. ಯೂಟ್ಯೂಬಿನೊಳಗೆ ಡೌನ್‌ಲೋಡ್ ಒತ್ತಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಬರೆಯಿರಿ. ಅದು ಆ ಆಪ್‌ನೊಳಗೇ ಇರುತ್ತದೆ, ಕಾರ್ಡಿನಿಂದ ಕಾರ್ಡಿಗೆ ಕೊಡಲು ಸಿಗುವುದಿಲ್ಲ.

ಉತ್ತರ, ಗದಗಿನಿಂದ

ಮೇಲಿನವರ ಮಾತು ಒಪ್ಪಿಗೆ, ಒಂದು ತಿದ್ದುಪಡಿ. ನಮ್ಮಲ್ಲಿ 'ಓಡವಲ್ದು' ಅಂತ ಹತ್ತದಿದ್ದಾಗಲೂ ಅನ್ನುವವರಿದ್ದಾರೆ. ಪುಟದಲ್ಲಿ 'ತಡೆತಡೆದು ಬರ್ತದ' ಅಂತ ಬರೆದರೆ ಗೊಂದಲವಿಲ್ಲ.

ಸಬ್‌ಟೈಟಲ್‌ಗೆ 'ಉಪಶೀರ್ಷಿಕೆ' ಬೇಡ, ಪತ್ರಿಕೆ ಓದುವವರಿಗೆ ಅದು ತಲೆಬರಹದ ಕೆಳಗಿನ ಸಾಲು. 'ಸಬ್‌ಟೈಟಲ್' ಸಾಕು. ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲಿಗೆ ವಿಡಿಯೊದ ಹೆಸರನ್ನೇ ಇಟ್ಟು ಅದೇ ಫೋಲ್ಡರಿನಲ್ಲಿಡಬೇಕು, ಯುಟಿಎಫ್-8 ಎಂಬ ಯೂನಿಕೋಡ್ ಬಗೆಯಲ್ಲಿ ಉಳಿಸಬೇಕು. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದಾದರೆ ಯುಟಿಎಫ್-8 ಅಂತ ಉಳಿಸಿದರೂ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ. ಮೊದಲು ಕನ್ವರ್ಟರಿನಲ್ಲಿ ಯೂನಿಕೋಡ್‌ಗೆ ತರಬೇಕು.

ಕಾರ್ಡಿನ ಬಗ್ಗೆ: 32 ಜಿಬಿ ತನಕದವು ಸಾಮಾನ್ಯವಾಗಿ ಫ್ಯಾಟ್32 ಎಂಬ ಫೈಲು ಜೋಡಣೆಯ ಬಗೆಯಲ್ಲಿ ಬರುತ್ತವೆ, ಅವುಗಳಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಕೂಡುವುದಿಲ್ಲ. ಜಾಗ ಖಾಲಿ ಇದ್ದರೂ ಕಾಪಿ ನಿಲ್ಲುವುದು ಅದಕ್ಕೇ. ಟ್ಯಾಬ್ ಹೊಸ ಕಾರ್ಡು ಕಂಡು ಹೇಗೆ ಬಳಸಲಿ ಅಂತ ಕೇಳಿದರೆ 'ಪೋರ್ಟಬಲ್' ಆರಿಸಬೇಕು. 'ಇಂಟರ್ನಲ್' ಒತ್ತಿದರೆ ಇದ್ದದ್ದೆಲ್ಲ ಅಳಿಸಿ, ಆ ಕಾರ್ಡು ಆ ಒಂದು ಟ್ಯಾಬಿಗೇ ಗಂಟುಬೀಳುತ್ತದೆ. ಇದನ್ನು ಪುಟದಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿರಿ.