‘ಈ ಸ್ಕ್ಯಾನ್ ಸ್ವಲ್ಪ ನೋಡಿ ಹೇಳಿ’ ಅಂದರೆ ನೀವು ಏನು ಮಾಡುತ್ತೀರಿ?

ಪ್ರಶ್ನೆ, ದಾವಣಗೆರೆಯಿಂದ:
ಎಂಡಿ ರೇಡಿಯಾಲಜಿ ಮುಗಿಸಿ ಈಗಷ್ಟೇ ಒಂದು ಡಯಾಗ್ನೋಸ್ಟಿಕ್ ಸೆಂಟರ್ ಸೇರಿದ್ದೇನೆ. ದಿನಾ ಯಾರಾದರೂ ವಾಟ್ಸಾಪ್‌ನಲ್ಲಿ ಎಕ್ಸ್‌ರೇ, ಸಿಟಿ, ಎಂಆರ್‌ಐ ಫೋಟೋ ಕಳಿಸಿ ‘ಸ್ವಲ್ಪ ನೋಡಿ ಹೇಳಿ’ ಅನ್ನುತ್ತಾರೆ. ಸಂಬಂಧಿಕರು, ಹಳೆಯ ಬ್ಯಾಚ್‌ಮೇಟ್‌ಗಳು, ನಮಗೆ ಕೇಸ್ ಕಳಿಸುವ ಡಾಕ್ಟರುಗಳು. ಬೇರೆಯವರು ರಿಪೋರ್ಟ್ ಕೊಟ್ಟ ಸ್ಕ್ಯಾನ್‌ಗಳೇ ಜಾಸ್ತಿ. ಇಲ್ಲ ಅನ್ನಲು ಮನಸ್ಸಾಗುವುದಿಲ್ಲ, ಹೇಳಲು ಭಯ. ಅನುಭವ ಇದ್ದವರು ಹೇಗೆ ನಿಭಾಯಿಸುತ್ತೀರಿ?

ಮೈಸೂರಿನ ಒಬ್ಬ ಹಿರಿಯ ರೇಡಿಯಾಲಜಿಸ್ಟ್:
ಇಲ್ಲ ಅನ್ನಬೇಕಾಗಿಲ್ಲ. ಆದರೆ ಅವರು ಸುಮ್ನೆ ಕೇಳಿದರೂ ನಿಮ್ಮ ಉತ್ತರವನ್ನು ಸುಮ್ನೆ ತೆಗೆದುಕೊಳ್ಳುವುದಿಲ್ಲ. ಅದರ ಮೇಲೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮಾತ್ರೆ ನಿಲ್ಲುತ್ತದೆ. ಹಾಗಾಗಿ ಪೂರ್ತಿ ಸ್ಕ್ಯಾನ್ ಕೈಗೆ ಸಿಕ್ಕರೆ ಮಾತ್ರ ನಾನು ಅಭಿಪ್ರಾಯ ಕೊಡುತ್ತೇನೆ. ಬರೀ ಫೋಟೋ ಬಂದರೆ ಮುಂದೆ ಯಾರ ಹತ್ತಿರ ಹೋಗಬೇಕು ಅಂತ ಮಾತ್ರ ಹೇಳುತ್ತೇನೆ.

ಒಂದು ಸಿಟಿಯಲ್ಲಿ ನೂರಾರು ಸ್ಲೈಸ್ ಇರುತ್ತವೆ. ಫಿಲ್ಮಿಗೆ ಬರುವುದು ಆಯ್ದ ಕೆಲವು. ಅದನ್ನು ಕಿಟಕಿಗೆ ಹಿಡಿದು ಮೊಬೈಲಲ್ಲಿ ಫೋಟೋ ತೆಗೆಯುತ್ತಾರೆ, ವಾಟ್ಸಾಪ್ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ವಿಂಡೋ, ಅಂದರೆ ಕಪ್ಪು-ಬಿಳುಪಿನ ವ್ಯಾಪ್ತಿ, ಬದಲಿಸಿ ನೋಡಲು ದಾರಿಯೇ ಇಲ್ಲ. ತಲೆಬುರುಡೆಗೆ ಅಂಟಿಕೊಂಡ ತೆಳುವಾದ ಸಬ್‌ಡ್ಯೂರಲ್ ರಕ್ತಸ್ರಾವ ಮಾಮೂಲಿ ಬ್ರೈನ್ ವಿಂಡೋದಲ್ಲಿ ಮೂಳೆಯ ಬಿಳುಪಿಗೆ ಸೇರಿಹೋಗಬಹುದು. ವಿಂಡೋ ಅಗಲ ಮಾಡಿದರೆ ಬೇರೆಯಾಗಿ ಕಾಣುತ್ತದೆ. ಶ್ವಾಸಕೋಶದ ಸಣ್ಣ ಗಂಟೂ ಹಾಗೇ, ಎದೆಯ ನಡುಭಾಗ ನೋಡಲು ಇಡುವ ಮೀಡಿಯಾಸ್ಟೈನಲ್ ವಿಂಡೋದಲ್ಲಿ ತಪ್ಪಿಹೋಗುತ್ತದೆ. ಅದಕ್ಕೇ ಫೋಟೋ ನೋಡಿ ‘ನಾರ್ಮಲ್’ ಅನ್ನಬೇಡಿ. ಕಂಡದ್ದನ್ನು ಹೇಳಬಹುದು. ಏನೂ ಇಲ್ಲ ಅಂತ ಹೇಳಲಾಗುವುದಿಲ್ಲ.

ಸ್ಕ್ಯಾನ್ ಮಾಡಿಸಿದ ಕಡೆಯಿಂದ ಸಿಡಿ ಅಥವಾ ಪ್ಯಾಕ್ಸ್ (ಸ್ಕ್ಯಾನ್‌ಗಳನ್ನು ಕಂಪ್ಯೂಟರಿನಲ್ಲಿ ಇಡುವ ವ್ಯವಸ್ಥೆ) ಲಿಂಕ್ ತರಿಸಿ. ಜೊತೆಗೆ ಮೊದಲ ರಿಪೋರ್ಟ್, ಹಳೆಯ ಸ್ಕ್ಯಾನ್, ವಯಸ್ಸು, ತೊಂದರೆ ಏನು ಅನ್ನುವುದು ಬೇಕು. ನೋಡಿದ ಮೇಲೆ ನಾಲ್ಕು ಸಾಲಾದರೂ ಬರೆದು ಕೊಡಿ. ಏನು ನೋಡಿದಿರಿ, ಏನು ನೋಡಲು ಸಿಗಲಿಲ್ಲ, ಎರಡೂ ಅದರಲ್ಲಿರಲಿ. ತಾರೀಖು ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ವ್ಯಾಪ್ತಿಗೆ ವಾಟ್ಸಾಪ್ ಕೂಡ ಬರುತ್ತದೆ, ದಾಖಲೆ ಇಡಬೇಕು ಅಂತಲೂ ಅದು ಹೇಳುತ್ತದೆ. ಇನ್ನೊಬ್ಬ ಡಾಕ್ಟರು ನಿಮ್ಮ ಸಲಹೆ ಕೇಳಿದರೂ ಚಿಕಿತ್ಸೆಯ ಹೊಣೆ ಅವರ ಮೇಲೇ ಇರುತ್ತದೆ ಅನ್ನುವುದೂ ಅದರಲ್ಲಿದೆ.

ತುರ್ತು ಇದ್ದರೆ ಮಾತ್ರ ಇದ್ಯಾವುದೂ ಬೇಡ. ಫೋಟೋದಲ್ಲೇ ಟೆನ್ಷನ್ ನ್ಯೂಮೋಥೊರಾಕ್ಸ್ (ಎದೆಯಲ್ಲಿ ಗಾಳಿ ತುಂಬಿ ಶ್ವಾಸಕೋಶ, ಹೃದಯ ಒತ್ತಿಹೋಗುವುದು), ಡಯಾಫ್ರಮ್ ಕೆಳಗೆ ಗಾಳಿ (ಕರುಳು ತೂತಾದ ಸೂಚನೆ), ಮಿದುಳಲ್ಲಿ ದೊಡ್ಡ ರಕ್ತಸ್ರಾವ ಕಂಡರೆ ಸಿಡಿಗೆ ಕಾಯಬೇಡಿ. ಮೆಸೇಜ್ ಹಾಕಿ ಬಿಡಬೇಡಿ, ಫೋನ್ ಮಾಡಿ. ಆಸ್ಪತ್ರೆಗೆ ಹೊರಟರಾ ಅಂತ ಖಚಿತ ಮಾಡಿಕೊಳ್ಳಿ.

ಹುಬ್ಬಳ್ಳಿಯಿಂದ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು:
ನಮ್ಮಲ್ಲಿ ಫೋನಿಗಿಂತ ರಿಪೋರ್ಟಿಂಗ್ ರೂಮಿಗೆ ಬಂದು ಕೇಳುವವರೇ ಜಾಸ್ತಿ. ಸರ್ಜನ್ ಸ್ಕ್ರೀನ್ ಮೇಲೆ ಬೆರಳಿಟ್ಟು ‘ಮೇಡಂ, ಇಲ್ಲಿ ಲೀಕ್ ಇದೆ ಅಲ್ವಾ?’ ಅನ್ನುತ್ತಾರೆ. ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಸಿಕ್ಕಿದ ಕೂಡಲೇ ಉಳಿದದ್ದನ್ನು ಹುಡುಕುವುದು ನಿಲ್ಲುತ್ತದೆ. ಅರ್ಧ ಓದಿದ್ದ ಇನ್ನೊಬ್ಬ ರೋಗಿಯ ಕೇಸಿಗೂ ಅಡ್ಡಿ. ನಾನು ‘ಹತ್ತು ನಿಮಿಷ ಕೊಡಿ ಸರ್’ ಅಂದು, ಕೈಲಿರುವುದನ್ನು ಮುಗಿಸಿ, ಆಮೇಲೆ ಅವರದ್ದನ್ನು ಮೊದಲ ಸ್ಲೈಸಿನಿಂದ ನೋಡುತ್ತೇನೆ.

ಮೊದಲ ರಿಪೋರ್ಟಿಗೂ ನಿಮಗೂ ವ್ಯತ್ಯಾಸ ಬಂದರೆ ರೋಗಿಗೆ ಹೇಳುವ ಮೊದಲು ಆ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ. ನಿಮಗೆ ಗೊತ್ತಿಲ್ಲದ ವಿವರ ಅವರಿಗೆ ಗೊತ್ತಿರಬಹುದು. ಅವರು ಒಪ್ಪಿದರೆ ತಮ್ಮ ರಿಪೋರ್ಟಿಗೇ ಅಡೆಂಡಮ್ (ತಿದ್ದುಪಡಿ ಟಿಪ್ಪಣಿ) ಸೇರಿಸುತ್ತಾರೆ, ರೋಗಿಯ ಫೈಲಿನಲ್ಲಿ ಎರಡು ಬೇರೆ ಬೇರೆ ಕಥೆ ಇರುವುದಿಲ್ಲ. ಒಪ್ಪದಿದ್ದರೆ ನಿಮ್ಮದನ್ನು ಚಿಕಿತ್ಸೆ ಕೊಡುವ ಡಾಕ್ಟರಿಗೆ ಬರೆದು ಕೊಡಿ. ರೋಗಿ ಎದುರು ‘ಇದನ್ನು ಯಾರು ಓದಿದ್ದು?’ ಅನ್ನುವ ಮಾತು ಬೇಡವೇ ಬೇಡ. ಎದೆಯ ಎಕ್ಸ್‌ರೇಗಳನ್ನು ಅನುಭವಿಗಳೂ ಬೇರೆ ಬೇರೆಯಾಗಿ ಓದುತ್ತಾರೆ, ಅದೇ ಫಿಲ್ಮನ್ನು ಮತ್ತೊಮ್ಮೆ ಕೊಟ್ಟರೆ ತಾವೇ ಬೇರೆ ಹೇಳುತ್ತಾರೆ ಅಂತ ರೇಡಿಯಾಲಜಿಸ್ಟ್ ಹೆನ್ರಿ ಗಾರ್ಲಂಡ್ 1949ರಲ್ಲೇ ಬರೆದಿದ್ದಾರೆ. ಇದನ್ನು ನನ್ನ ಪಿಜಿ ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಹೇಳುತ್ತೇನೆ.

ಮಂಗಳೂರಿನಿಂದ, ಮೂಳೆ ಡಾಕ್ಟರು:
ನಾನು ಕೇಳುವ ಕಡೆಯವನು. ‘ಈ ರಿಪೋರ್ಟ್ ಸರಿ ಇದೆಯಾ?’ ಅಂತ ಕೇಳಿದರೆ ನನಗೂ ಉಪಯೋಗವಿಲ್ಲ, ನಿಮಗೂ ಕಷ್ಟ. ‘ಎಡಗಾಲಿಗೆ ನೋವು ಇಳಿಯುತ್ತದೆ, ಹೆಬ್ಬೆರಳು ಮೇಲೆತ್ತಲು ಬಲವಿಲ್ಲ, ಎಡಗಡೆಯ ಎಲ್5 ನರ ಎಲ್ಲಾದರೂ ಒತ್ತಿದೆಯಾ?’ ಅಂತ ಕೇಳಬೇಕು. ನಮ್ಮಿಂದ ಇಂಥ ಪ್ರಶ್ನೆಯನ್ನೇ ಕೇಳಿ ಪಡೆಯಿರಿ, ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಸಂಬಂಧಿಕರು ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿರುವುದು) ಅಂತ ಓದಿ ಹೆದರಿ ಫೋನ್ ಮಾಡುತ್ತಾರೆ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯಲ್ಲಿ, 20ರ ವಯಸ್ಸಿನಲ್ಲೇ ಶೇ. 30 ಮಂದಿಗೆ, 80ರಲ್ಲಿ ಶೇ. 84 ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಅಷ್ಟು ಹೇಳಿ, ಪರೀಕ್ಷೆ ಮಾಡಿದ ಡಾಕ್ಟರ ಹತ್ತಿರ ಕಳಿಸಿ. ಮೂತ್ರ ಕಟ್ಟಿದೆಯಾ, ಕಾಲಿನ ಬಲ ಕಡಿಮೆಯಾಗುತ್ತಿದೆಯಾ ಅಂತ ಮಾತ್ರ ತಪ್ಪದೆ ಕೇಳಿ. ಹೌದು ಅಂದರೆ ಅದೇ ದಿನ ಹೋಗಬೇಕು.

ಕಲಬುರಗಿಯಿಂದ:
ಅಲ್ಟ್ರಾಸೌಂಡ್ ಫೋಟೋ ಬಂದರೆ ನಾನು ಏನೂ ಹೇಳುವುದಿಲ್ಲ. ಅಲ್ಲಿ ನೋಡುವುದು ಪ್ರೋಬ್ ಹಿಡಿದವರ ಕಣ್ಣು. ಅನುಮಾನ ಇದ್ದರೆ ಮತ್ತೆ ಸ್ಕ್ಯಾನ್ ಮಾಡಿಸಿ ಅನ್ನುತ್ತೇನೆ. ಬಸುರಿಯರ ಸ್ಕ್ಯಾನ್ ಫೋಟೋ ಕಳಿಸಿ ಗಂಡೋ ಹೆಣ್ಣೋ ಅಂತ ಸುತ್ತಿ ಬಳಸಿ ಕೇಳುವವರೂ ಇದ್ದಾರೆ. ಭ್ರೂಣದ ಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಮಾತಿನಲ್ಲೂ ಸನ್ನೆಯಲ್ಲೂ, ಯಾವ ರೀತಿಯಲ್ಲೂ ತಿಳಿಸುವಂತಿಲ್ಲ. ಅತ್ತಿಗೆ ಕೇಳಿದರೂ ಅಷ್ಟೇ.

ದಾವಣಗೆರೆಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಸಿಡಿ ಕೇಳಿದರೆ ಕೇಸ್ ಕಳಿಸುವ ಡಾಕ್ಟರುಗಳಿಗೆ ಬೇಸರವಾಗುವುದಿಲ್ಲವೇ ಸರ್?

ಮೈಸೂರು:
ಮೊದಮೊದಲು ಗೊಣಗುತ್ತಾರೆ. ಮಧ್ಯಾಹ್ನ ಒಂದು ಗಂಟೆ ಇದಕ್ಕೇ ಅಂತ ಎತ್ತಿಡಿ, ಆ ಹೊತ್ತಿಗೆ ಸಿಡಿ ಕಳಿಸಿದರೆ ಸಂಜೆಯೊಳಗೆ ಬರೆದು ಕೊಡುತ್ತೇನೆ ಅಂತ ಹೇಳಿಬಿಡಿ. ನನಗೆ ಹಾಗೆ ಗೊಣಗಿದವರೇ ಈಗ ರೋಗಿಯ ಕೈಯಲ್ಲಿ ಸಿಡಿ ಕೊಟ್ಟು ಕಳಿಸುತ್ತಾರೆ.